ಲ್ಯಾಗ್ ಎಂಬ ಒಂದು ಮಾತು, ನಾಲ್ಕು ತೊಂದರೆ

ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳೂ, ಅವರ ಓದಿಗೆಂದು ತಂದ ಕಂಪ್ಯೂಟರೂ ಇದ್ದರೆ, ಒಂದು ದೂರು ನಿಮ್ಮ ಕಿವಿಗೆ ಬೀಳದೆ ಇರುವುದಿಲ್ಲ. “ಆಟ ಲ್ಯಾಗ್ ಆಗುತ್ತಿದೆ. ಇದಕ್ಕೆ ಮೆಮೊರಿ ಸಾಲದು. ಹೊಸ ಕಂಪ್ಯೂಟರು ಬೇಕು.” ಈ ಮೂರು ವಾಕ್ಯಗಳನ್ನು ಮಗ ಹೇಳುವುದಕ್ಕೆ ಮೂರು ಕ್ಷಣ ಸಾಕು. ಅದನ್ನು ಕೇಳಿದ ತಂದೆಗೆ ಮಾತ್ರ ಮೂರು ತಿಂಗಳ ಲೆಕ್ಕ ತಲೆಯಲ್ಲಿ ಸುತ್ತುತ್ತದೆ. ಒಂದು ಮನೆಯಲ್ಲಿ ಸಾಲ ಮಾಡಿ ಹೊಸ ಯಂತ್ರ ತರುತ್ತಾರೆ. ಇನ್ನೊಂದು ಮನೆಯಲ್ಲಿ ಗದರಿಸಿ ಆಟವನ್ನೇ ಅಳಿಸಿಹಾಕುತ್ತಾರೆ. ಎರಡೂ ಕಡೆ ರೋಗ ಯಾವುದೆಂದು ನೋಡಿದವರಿಲ್ಲ.

ವ್ಯಾಕರಣ, ಛಂದಸ್ಸು ಪಾಠ ಹೇಳುವ ಕನ್ನಡ ಮೇಷ್ಟರಿಗೆ ಕಂಪ್ಯೂಟರ್ ಆಟದ ಗೊಡವೆ ಏಕೆಂದು ನೀವು ಕೇಳಬಹುದು. ಸಂಬಂಧವಿದೆ. ನಾನಾರ್ಥ ಶಬ್ದಗಳ ವಿಚಾರ ಬಂದಾಗ ನಮ್ಮ ಹಿಂದಿನ ಶಾಸ್ತ್ರಕಾರರು ಸೈಂಧವವೆಂಬ ಮಾತನ್ನು ಉದಾಹರಣೆಯಾಗಿ ಕೊಡುತ್ತಿದ್ದರು. ಸೈಂಧವವೆಂದರೆ ಉಪ್ಪೂ ಹೌದು, ಕುದುರೆಯೂ ಹೌದು. ಎಲೆಯ ಮುಂದೆ ಕುಳಿತವನು ‘ಸೈಂಧವ ತಾ’ ಎಂದಾಗ ಕುದುರೆಯನ್ನು ಹಿಡಿದು ತಂದರೆ ಹೇಗೆ? ಲ್ಯಾಗ್ ಎಂಬುದೂ ಅಂತಹ ಮಾತು. ಅದಕ್ಕೆ ಕಡಮೆಯೆಂದರೆ ನಾಲ್ಕು ಅರ್ಥಗಳಿವೆ, ನಾಲ್ಕಕ್ಕೂ ಪರಿಹಾರ ಬೇರೆ ಬೇರೆ. ಉಪ್ಪು ಬೇಕಾದವರ ಮನೆಗೆ ಕುದುರೆ ಕೊಂಡು ತರುವ ಪ್ರಸಂಗ ಬಾರದಿರಲಿ ಎಂಬುದಷ್ಟೇ ಈ ಮಾತುಗಳ ಉದ್ದೇಶ.

ಯಾವ ಆಟವೆಂದು ಮೊದಲು ಗೊತ್ತುಮಾಡಿಕೊಳ್ಳೋಣ. ಮಕ್ಕಳಲ್ಲಿ ಬಹಳ ಬಳಕೆಯಲ್ಲಿರುವ ಮೈನ್‌ಕ್ರಾಫ್ಟನ್ನೇ ತೆಗೆದುಕೊಳ್ಳುತ್ತೇನೆ. ಸ್ವೀಡನ್ ದೇಶದ ಮಾರ್ಕಸ್ ಪೆರ್ಸನ್ ಎಂಬಾತ ೨೦೦೯ರಲ್ಲಿ ಇದರ ಮೊದಲ ರೂಪವನ್ನು ಹೊರತಂದನು. ಪೂರ್ಣ ಆವೃತ್ತಿ ೨೦೧೧ರ ನವೆಂಬರಿನಲ್ಲಿ ಬಂದಿತು. ಸ್ಟಾಕ್‌ಹೋಮಿನ ಮೊಜಾಂಗ್ ಸಂಸ್ಥೆಯನ್ನು ೨೦೧೪ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು. ೩೦ ಕೋಟಿಗೂ ಮೀರಿ ಪ್ರತಿಗಳು ಮಾರಾಟವಾಗಿವೆಯೆಂದು ೨೦೨೩ರಲ್ಲಿ ಪ್ರಕಟವಾಯಿತು. ಆಟದ ವಿಷಯ ಸರಳ. ಇಟ್ಟಿಗೆಗಳಂತಹ ಘನಗಳಿಂದಾದ ಒಂದು ಲೋಕ. ಅದರಲ್ಲಿ ಅಗೆಯುವುದು, ಕಟ್ಟುವುದು, ಬೆಳೆಯುವುದು. ಒಬ್ಬ ಹುಡುಗಿ ಎರಡು ವರ್ಷ ಸಂಜೆ ಸಂಜೆ ಕುಳಿತು ಊರೊಂದನ್ನೇ ಕಟ್ಟಿರಬಹುದು. ಹೊರಗಿನವರ ಕಣ್ಣಿಗೆ ಅದು ಬರಿಯ ಆಟ. ಕಟ್ಟಿದವಳಿಗೆ ಅದು ಎರಡು ವರ್ಷದ ಕೆಲಸ. ಈ ಮಾತನ್ನು ನೆನಪಿನಲ್ಲಿಡಿರಿ, ಮುಂದೆ ಬೇಕಾಗುತ್ತದೆ.

ಈ ಆಟದ ಜಾವಾ ಆವೃತ್ತಿಗೆ ಹೊರಗಿನವರು ಬರೆದ ಜೋಡಣೆಗಳನ್ನು ಸೇರಿಸಬಹುದು. ಅವುಗಳಿಗೆ ಮಾಡ್ ಎಂದು ಹೆಸರು. ಒಂದು ಮಾಡ್ ಹೊಸ ಪ್ರಾಣಿಗಳನ್ನು ತರುತ್ತದೆ, ಮತ್ತೊಂದು ಯಂತ್ರಗಳನ್ನು ತರುತ್ತದೆ, ಇನ್ನೊಂದು ಮಳೆ ಬೆಳಕುಗಳನ್ನು ಚೆಂದಗೊಳಿಸುತ್ತದೆ. ಫೋರ್ಜ್, ಫ್ಯಾಬ್ರಿಕ್ ಮುಂತಾದ ಸಾಧನಗಳು ಇವುಗಳನ್ನು ಆಟಕ್ಕೆ ಹೊಂದಿಸುತ್ತವೆ. ಇನ್ನೂರು ಮುನ್ನೂರು ಮಾಡ್‌ಗಳನ್ನು ಒಂದೇ ಗಂಟಾಗಿ ಕಟ್ಟಿದ ಮಾಡ್‌ಪ್ಯಾಕುಗಳೂ ಉಂಟು. ಇವನ್ನು ಬರೆದವರು ಬೇರೆ ಬೇರೆ ದೇಶದವರು. ಹೆಚ್ಚಿನವರು ಒಬ್ಬರನ್ನೊಬ್ಬರು ಕಂಡವರಲ್ಲ. ಒಂದೇ ಮದುವೆ ಮನೆಗೆ ಇನ್ನೂರು ಊರಿನ ಅಡಿಗೆಯವರು ಬಂದು, ತಮ್ಮ ತಮ್ಮ ಒಲೆ ಹೂಡಿದರೆ ಏನಾಗುವುದೋ ಇಲ್ಲಿಯೂ ಅದೇ ಆಗುತ್ತದೆ. ಆಟ ತಡವರಿಸುತ್ತದೆ.

ಮನೆಯ ರೇಡಿಯೋ ಗೊರಗೊರ ಎಂದರೆ ನೀವು ಏನು ಮಾಡುತ್ತೀರಿ? ಮುಳ್ಳು ಸರಿಯಾದ ನಿಲಯದ ಮೇಲಿದೆಯೆ ಎಂದು ನೋಡುತ್ತೀರಿ. ಬ್ಯಾಟರಿ ತಗ್ಗಿದೆಯೆ, ಹತ್ತಿರದಲ್ಲಿ ಮೋಟಾರು ಓಡುತ್ತಿದೆಯೆ, ಏರಿಯಲ್ಲು ಕಳಚಿದೆಯೆ ಎಂದು ಒಂದೊಂದಾಗಿ ಪರೀಕ್ಷಿಸುತ್ತೀರಿ. ಗೊರಗೊರ ಕೇಳಿದ ಕೂಡಲೆ ಹೊಸ ರೇಡಿಯೋ ತರಲು ಪೇಟೆಗೆ ಓಡುವುದಿಲ್ಲವಷ್ಟೆ. ಆಟದ ವಿಷಯದಲ್ಲಿಯೂ ಅದೇ ಕ್ರಮ ನಡೆಯಲಿ. ಅದಕ್ಕಾಗಿ ಲ್ಯಾಗ್ ಎಂಬ ಒಂದು ಮಾತನ್ನು ಬಿಟ್ಟು ನಾಲ್ಕು ಕನ್ನಡ ಮಾತುಗಳನ್ನು ಇಟ್ಟುಕೊಳ್ಳೋಣ. ಅವು ತೊದಲು, ಮಂದ, ಬಿಕ್ಕಳಿಕೆ ಮತ್ತು ವಿಳಂಬ.

ತೆರೆಯ ಮೇಲಿನ ಚಿತ್ರವೇ ಸದಾ ತುಂಡು ತುಂಡಾಗಿ ಚಲಿಸಿದರೆ, ತಲೆ ತಿರುಗಿಸಿದಾಗ ನೋಟ ಕುಪ್ಪಳಿಸಿದರೆ, ಅದು ತೊದಲು. ಚಿತ್ರ ನಯವಾಗಿ ತಿರುಗುತ್ತದೆ, ಆದರೆ ದನಕುರಿಗಳು ನಿಂತಲ್ಲೇ ನಿಲ್ಲುತ್ತವೆ, ಒಡೆದ ಇಟ್ಟಿಗೆ ಮತ್ತೆ ಕಾಣಿಸಿಕೊಳ್ಳುತ್ತದೆ, ಬಾಗಿಲು ಮುಟ್ಟಿದ ಎಷ್ಟೋ ಹೊತ್ತಿಗೆ ತೆರೆಯುತ್ತದೆ ಎಂದಾದರೆ ಅದು ಮಂದ. ಎಲ್ಲವೂ ಚೆನ್ನಾಗಿ ನಡೆಯುತ್ತಿದ್ದು, ಆಗೊಮ್ಮೆ ಈಗೊಮ್ಮೆ ಇಡೀ ಆಟ ಅರೆಕ್ಷಣವೋ ಎರಡು ಕ್ಷಣವೋ ಕಲ್ಲಾಗಿ ನಿಂತು ಮತ್ತೆ ಹೊರಟರೆ ಅದು ಬಿಕ್ಕಳಿಕೆ. ಒಬ್ಬರೇ ಆಡುವಾಗ ಸರಿಯಾಗಿದ್ದು, ದೂರದ ಗೆಳೆಯರೊಡನೆ ಆಡುವಾಗ ಮಾತ್ರ ತಡವಾದರೆ ಅದು ವಿಳಂಬ. ಮಗನೋ ಮಗಳೋ ಮುಂದಿನ ಸಲ ದೂರು ತಂದಾಗ ಈ ನಾಲ್ಕರಲ್ಲಿ ಯಾವುದೆಂದು ಕೇಳಿರಿ. ಅರ್ಧ ಕೆಲಸ ಅಲ್ಲಿಗೆ ಮುಗಿಯಿತು.

ಕೇಳಿದ್ದನ್ನು ಪರೀಕ್ಷಿಸಿ ನೋಡಲು ಆಟದಲ್ಲಿಯೇ ಒಂದು ನಾಡಿ ಹಿಡಿಯುವ ಉಪಾಯವಿದೆ. ಕೀಲಿಮಣೆಯ ಮೇಲ್ಸಾಲಿನ ಎಫ್ ೩ ಗುಂಡಿಯನ್ನು ಒತ್ತಿದರೆ ಲೆಕ್ಕಗಳು ತೆರೆಯ ಮೇಲೆ ಬರುತ್ತವೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ಎಫ್ಎನ್ ಗುಂಡಿಯನ್ನೂ ಜೊತೆಗೆ ಒತ್ತಬೇಕಾಗುತ್ತದೆ. ಅಲ್ಲಿ ಮೂರು ಅಂಕಗಳನ್ನು ನೋಡಿಕೊಂಡರೆ ಸಾಕು. ಸೆಕೆಂಡಿಗೆ ಎಷ್ಟು ಚಿತ್ರ ಬರೆಯಲ್ಪಡುತ್ತಿದೆ ಎಂಬುದು ಒಂದು. ಲೋಕದ ಒಂದು ಹೆಜ್ಜೆಗೆ ಎಷ್ಟು ಮಿಲಿಸೆಕೆಂಡು ಹಿಡಿಯುತ್ತಿದೆ ಎಂಬುದು ಎರಡು. ಆಟಕ್ಕೆ ಕೊಟ್ಟ ಮೆಮೊರಿಯಲ್ಲಿ ನೂರಕ್ಕೆ ಎಷ್ಟು ತುಂಬಿದೆ ಎಂಬುದು ಮೂರು. ಮೊದಲನೆಯದು ತೊದಲಿಗೆ, ಎರಡನೆಯದು ಮಂದಕ್ಕೆ, ಮೂರನೆಯದು ಬಿಕ್ಕಳಿಕೆಗೆ ಸಾಕ್ಷಿ.

ಈಗ ಒಂದೊಂದನ್ನೇ ತೆಗೆದುಕೊಳ್ಳೋಣ. ಮೊದಲು ತೊದಲು. ಸೆಕೆಂಡಿಗೆ ೬೦ ಚಿತ್ರ ಬಂದರೆ ಕಣ್ಣಿಗೆ ನಯವಾಗಿ ಕಾಣುತ್ತದೆ. ೨೦ರ ಕೆಳಗೆ ಇಳಿದರೆ ಕುಂಟುವುದು ಎಲ್ಲರಿಗೂ ತಿಳಿಯುತ್ತದೆ. ಇದಕ್ಕೆ ಬಹುಸಾಮಾನ್ಯ ಕಾರಣ ಕಣ್ಣಿನ ಆಸೆ. ಆಟದ ನೆಲವನ್ನು ಉದ್ದಕ್ಕೆ ೧೬, ಅಗಲಕ್ಕೆ ೧೬ ಘನಗಳ ಹೊಲಗಳಾಗಿ ವಿಂಗಡಿಸಿದ್ದಾರೆ. ಈ ಹೊಲಕ್ಕೆ ಚಂಕ್ ಎನ್ನುತ್ತಾರೆ. ೨೦೨೧ರಲ್ಲಿ ಬಂದ ಆವೃತ್ತಿಯಿಂದೀಚೆಗೆ ಒಂದೊಂದರ ಎತ್ತರ ೩೮೪ ಘನಗಳು. ಎಂದರೆ ಒಂದು ಹೊಲದಲ್ಲಿ ೯೮,೩೦೪ ಘನಗಳ ಸ್ಥಾನ. ನೋಟದ ದೂರವನ್ನು ೮ ಎಂದು ಇಟ್ಟರೆ ಆಟಗಾರನ ಸುತ್ತ ೧೭ಕ್ಕೆ ೧೭, ಅಂದರೆ ೨೮೯ ಹೊಲಗಳನ್ನು ಯಂತ್ರ ಹೊರಬೇಕು. ೧೬ ಎಂದು ಇಟ್ಟರೆ ೧,೦೮೯. ೩೨ ಎಂದು ಇಟ್ಟರೆ ೪,೨೨೫. ನೋಡಿರಿ, ದೂರ ಇಮ್ಮಡಿಯಾದರೆ ಹೊರೆ ಹೆಚ್ಚುಕಡಮೆ ನಾಲ್ಮಡಿಯಾಗುತ್ತದೆ. ಹುಡುಗರು ಈ ಅಂಕವನ್ನು ತುದಿಗೆ ಏರಿಸಿಟ್ಟು ಯಂತ್ರವನ್ನು ಬಯ್ಯುತ್ತಾರೆ. ೮ಕ್ಕೋ ೧೦ಕ್ಕೋ ಇಳಿಸಿ ನೋಡಿರಿ. ಒಂದು ಕಾಸೂ ಖರ್ಚಿಲ್ಲ.

ಎರಡನೆಯ ಕಾರಣ ಅಲಂಕಾರ. ಆಟದ ಮೂಲ ಚಿತ್ರಗಳು ಮುಖವೊಂದಕ್ಕೆ ೧೬ ಚುಕ್ಕೆ ಅಗಲ, ೧೬ ಚುಕ್ಕೆ ಎತ್ತರ. ೧೨೮ ಚುಕ್ಕೆಯ ಚಿತ್ರಗಳನ್ನು ತಂದು ಹೊದಿಸಿದರೆ ಹೊರೆ ೬೪ ಪಟ್ಟು. ಅದರ ಮೇಲೆ ನೆರಳು, ಬಿಂಬ, ಅಲೆಗಳನ್ನು ತೋರಿಸುವ ಶೇಡರುಗಳನ್ನು ಹಾಕಿದರೆ ಕೇಳುವುದೇ ಬೇಡ. ಇವನ್ನು ತೆಗೆದು ನೋಡಬೇಕು. ಚಿತ್ರ ಬರೆಯುವ ಕೆಲಸವನ್ನು ಹಗುರಮಾಡುವುದಕ್ಕೆಂದೇ ಬರೆದ ಸೋಡಿಯಂ ಎಂಬ ಮಾಡ್ ಇದೆ. ಆಪ್ಟಿಫೈನ್ ಎಂಬ ಹಳೆಯದೂ ಇದೆ. ಎರಡರಲ್ಲಿ ಒಂದನ್ನು ಮಾತ್ರ ಹಾಕಬೇಕು. ಎರಡೂ ಒಂದೇ ಕೆಲಸಕ್ಕೆ ಕೈಹಾಕುವುದರಿಂದ ಒಟ್ಟಿಗೆ ಬಾಳುವುದಿಲ್ಲ. ಇನ್ನು ಕೆಲವು ಲ್ಯಾಪ್‌ಟಾಪುಗಳಲ್ಲಿ ಚಿತ್ರಕ್ಕೆಂದು ಎರಡು ಯಂತ್ರಭಾಗಗಳಿರುತ್ತವೆ. ಬಲವಾದದ್ದು ಸುಮ್ಮನೆ ಕುಳಿತು, ದುರ್ಬಲವಾದದ್ದು ದುಡಿಯುತ್ತಿರುವುದುಂಟು. ಎಫ್ ೩ ಒತ್ತಿದಾಗ ಯಾವುದು ದುಡಿಯುತ್ತಿದೆಯೆಂಬುದರ ಹೆಸರು ಅಲ್ಲಿಯೇ ಬರುತ್ತದೆ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಆಡಿದರೆ ಗಾಳಿಕಿಂಡಿ ಮುಚ್ಚಿಹೋಗಿ, ಯಂತ್ರ ಕಾಯ್ದು, ತನ್ನ ರಕ್ಷಣೆಗೆ ತಾನೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಒಂದು ಮರದ ಹಲಗೆಯಿಂದ ಹೋಗುವ ತೊದಲಿಗೆ ಹೊಸ ಯಂತ್ರವೇಕೆ?

ಇನ್ನು ಮಂದ. ಈ ಆಟದ ಲೋಕಕ್ಕೆ ಒಂದು ತಾಳವಿದೆ. ಸೆಕೆಂಡಿಗೆ ೨೦ ಏಟು. ಅಂದರೆ ಒಂದು ಏಟಿಗೆ ೫೦ ಮಿಲಿಸೆಕೆಂಡು. ಪ್ರತಿಯೊಂದು ಏಟಿನಲ್ಲಿಯೂ ಪ್ರಾಣಿಗಳು ಹೆಜ್ಜೆಯಿಡಬೇಕು, ಬೆಳೆ ಬೆಳೆಯಬೇಕು, ಒಲೆ ಉರಿಯಬೇಕು, ಯಂತ್ರ ತಿರುಗಬೇಕು. ಎಲ್ಲ ಲೆಕ್ಕವೂ ೫೦ ಮಿಲಿಸೆಕೆಂಡಿನ ಒಳಗೆ ಮುಗಿದರೆ ತಾಳ ತಪ್ಪುವುದಿಲ್ಲ. ೧೦೦ ಮಿಲಿಸೆಕೆಂಡು ಹಿಡಿದರೆ ಲೋಕ ಅರ್ಧ ವೇಗದಲ್ಲಿ ನಡೆಯುತ್ತದೆ. ಆಗ ಚಿತ್ರ ಎಷ್ಟೇ ನಯವಾಗಿದ್ದರೂ ಬಾಗಿಲು ತಡವಾಗಿಯೇ ತೆರೆದೀತು. ಈ ರೋಗಕ್ಕೆ ಚಿತ್ರದ ಅಲಂಕಾರವನ್ನು ಎಷ್ಟು ತಗ್ಗಿಸಿದರೂ ಫಲವಿಲ್ಲ. ಹೆಚ್ಚು ಮೆಮೊರಿ ಕೊಟ್ಟರೂ ಸಾಮಾನ್ಯವಾಗಿ ಫಲವಿಲ್ಲ.

ಮಂದಕ್ಕೆ ಕಾರಣ ಹೆಚ್ಚಾಗಿ ಆಟಗಾರನು ಕಟ್ಟಿದ್ದರಲ್ಲಿಯೇ ಇರುತ್ತದೆ. ಒಂದೇ ದೊಡ್ಡಿಯಲ್ಲಿ ನಾನೂರು ಕೋಳಿ ಸಾಕಿದ್ದರೆ ನಾನೂರೂ ಒಂದನ್ನೊಂದು ತಳ್ಳಾಡುವ ಲೆಕ್ಕವನ್ನು ಯಂತ್ರ ಮಾಡಬೇಕು. ನೆಲದ ಮೇಲೆ ಚೆಲ್ಲಿದ ವಸ್ತುಗಳು ೫ ನಿಮಿಷದ ಮೇಲೆ ತಾವಾಗಿ ಮಾಯವಾಗುತ್ತವೆ. ಆದರೆ ಒಂದು ಯಂತ್ರ ಎಡೆಬಿಡದೆ ಚೆಲ್ಲುತ್ತಲೇ ಇದ್ದರೆ ರಾಶಿ ಕರಗುವುದೇ ಇಲ್ಲ. ಮಾಡ್‌ಗಳು ತರುವ ಕೊಳವೆಗಳು, ಸಾಗಣೆಯ ಯಂತ್ರಗಳು ಪ್ರತಿಯೊಂದು ಏಟಿಗೂ ‘ಸಾಮಾನು ಬಂದಿತೆ, ಬಂದಿತೆ’ ಎಂದು ಕೇಳುತ್ತಿರುತ್ತವೆ. ಆಟಗಾರ ದೂರ ಹೋದ ಮೇಲೂ ಹೊಲವನ್ನು ಎಚ್ಚರವಾಗಿಡುವ ಸಾಧನವನ್ನು ಹತ್ತು ಕಡೆ ಹೂಡಿದ್ದರೆ ಹತ್ತು ಊರೂ ನಿದ್ದೆಯಿಲ್ಲದೆ ದುಡಿಯುತ್ತವೆ. ಕೋಳಿಗಳನ್ನು ಕಡಮೆ ಮಾಡುವುದು, ಚೆಲ್ಲುವ ಯಂತ್ರಕ್ಕೆ ತುಂಬಿದಾಗ ನಿಲ್ಲುವ ಏರ್ಪಾಡು ಮಾಡುವುದು, ಬೇಡದ ಎಚ್ಚರವನ್ನು ತೆಗೆಯುವುದು ಇದಕ್ಕೆ ಮದ್ದು. ೨೦೨೧ರಿಂದೀಚಿನ ಆವೃತ್ತಿಗಳಲ್ಲಿ ನೋಟದ ದೂರ ಬೇರೆ, ಲೋಕ ಜೀವಂತವಾಗಿರುವ ದೂರ ಬೇರೆ. ಎರಡನೆಯದನ್ನು ೫ಕ್ಕೋ ೬ಕ್ಕೋ ಇಳಿಸಿದರೆ ದೂರದ ಬೆಟ್ಟ ಕಾಣುತ್ತಲೇ ಇರುತ್ತದೆ, ಹೊರೆ ಮಾತ್ರ ತಗ್ಗುತ್ತದೆ.

ಹೊಸ ಹೊಸ ಸೀಮೆಗೆ ಓಡಿಹೋಗುವಾಗ ಮಾತ್ರ ಲೋಕ ಮಂದವಾದರೆ, ಆ ಭೂಮಿ ಅದೇ ಕ್ಷಣದಲ್ಲಿ ಸೃಷ್ಟಿಯಾಗುತ್ತಿದೆ ಎಂದು ತಿಳಿಯಿರಿ. ಚಂಕಿ ಎಂಬ ಮಾಡ್ ಇದ್ದರೆ ಆ ಸೃಷ್ಟಿಯ ಕೆಲಸವನ್ನು ಊಟದ ಹೊತ್ತಿನಲ್ಲಿ ಮೊದಲೇ ಮಾಡಿ ಮುಗಿಸಿಡಬಹುದು.

ಮೂರನೆಯದು ಬಿಕ್ಕಳಿಕೆ. ಇದೇ ಮೆಮೊರಿಯ ಪ್ರಕರಣ. ಇಲ್ಲಿ ಇನ್ನೊಂದು ನಾನಾರ್ಥದ ಗೊಂದಲವಿದೆ. “ಡಿಸ್ಕಿನಲ್ಲಿ ಇನ್ನೂ ೨೦೦ ಗಿಗಾಬೈಟು ಖಾಲಿ ಇದೆಯಲ್ಲ, ಮೆಮೊರಿ ಸಾಲದೆಂದರೆ ಏನರ್ಥ?” ಎಂದು ಹಿರಿಯರು ಕೇಳುತ್ತಾರೆ. ಡಿಸ್ಕು ಕಣಜವಿದ್ದಂತೆ. ರ‍್ಯಾಮ್ ಎಂಬ ಮೆಮೊರಿ ಊಟದ ಪಡಸಾಲೆಯಿದ್ದಂತೆ. ಕಣಜದಲ್ಲಿ ಎಷ್ಟು ಭತ್ತವಿದ್ದರೂ ಏಕಕಾಲಕ್ಕೆ ಕುಳಿತು ಉಣ್ಣುವವರ ಸಂಖ್ಯೆ ಪಡಸಾಲೆಯ ಅಳತೆಯಷ್ಟೇ.

ಈ ಪಡಸಾಲೆಯ ಹೋಲಿಕೆಯನ್ನೇ ಮುಂದುವರಿಸುತ್ತೇನೆ. ಆಟ ಬರೆದಿರುವುದು ಜಾವಾ ಭಾಷೆಯಲ್ಲಿ. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ ಇದನ್ನು ೧೯೯೫ರಲ್ಲಿ ಹೊರತಂದಿತು. ಈ ಭಾಷೆಯಲ್ಲಿ ಬಳಸಿ ಬಿಟ್ಟ ಮೆಮೊರಿಯನ್ನು ತೊಳೆದು ಮತ್ತೆ ಸಿದ್ಧಪಡಿಸುವ ಕೆಲಸವನ್ನು ಮಾಡುವವನು ಒಬ್ಬ ಜಾಡಮಾಲಿ. ಇಂತಹ ಜಾಡಮಾಲಿಯನ್ನು ನೇಮಿಸುವ ಉಪಾಯವನ್ನು ಅಮೆರಿಕದ ಜಾನ್ ಮೆಕಾರ್ಥಿ ಎಂಬ ಪಂಡಿತರು ೧೯೫೯ರ ಸುಮಾರಿಗೆ ಲಿಸ್ಪ್ ಭಾಷೆಗಾಗಿ ಕಂಡುಹಿಡಿದರು. ಮದುವೆ ಮನೆಯ ಪಂಕ್ತಿಯನ್ನು ನೆನೆದುಕೊಳ್ಳಿರಿ. ಒಂದು ಪಂಕ್ತಿ ಎದ್ದ ಮೇಲೆ ಎಂಜಲೆಲೆ ತೆಗೆದು ನೆಲ ಸಾರಿಸದೆ ಮುಂದಿನ ಪಂಕ್ತಿ ಕೂರುವಂತಿಲ್ಲ. ಸಾರಿಸುವಷ್ಟು ಹೊತ್ತು ಬಡಿಸುವವರೆಲ್ಲ ಕೈಕಟ್ಟಿ ನಿಲ್ಲಬೇಕು. ಆಟ ಕಲ್ಲಾಗಿ ನಿಲ್ಲುವ ಆ ಅರೆಕ್ಷಣ ಇದೇ. ಪಡಸಾಲೆ ತೀರ ಕಿರಿದಾದರೆ ಎಲೆ ತೆಗೆಯುವುದೇ ಮುಗಿಯದ ಕೆಲಸವಾಗಿ, ಬಿಕ್ಕಳಿಕೆ ಮೇಲಿಂದ ಮೇಲೆ ಬರುತ್ತದೆ. ಕೊನೆಗೆ ಜಾಗವೇ ಇಲ್ಲವಾಗಿ ಆಟ ಮುಚ್ಚಿಹೋಗುತ್ತದೆ.

ಮೈನ್‌ಕ್ರಾಫ್ಟಿನ ಸ್ವಂತ ಲಾಂಚರು ಅನೇಕ ವರ್ಷಗಳ ಕಾಲ ಆಟಕ್ಕೆ ತಾನಾಗಿ ಕೊಡುತ್ತಿದ್ದುದು ೨ ಗಿಗಾಬೈಟು. ಮಾಡ್ ಇಲ್ಲದ ಆಟಕ್ಕೆ ಅಷ್ಟು ಸಾಕು. ಇನ್ನೂರು ಮಾಡ್‌ಗಳಿಗೆ ಸಾಲದು. ಲಾಂಚರಿನಲ್ಲಿ ಆ ಆಟದ ಹೊಂದಿಕೆಗಳನ್ನು ತೆರೆದು, ಹೆಚ್ಚಿನ ಆಯ್ಕೆಗಳ ಕೆಳಗೆ ನೋಡಿದರೆ ಜಾವಾಕ್ಕೆ ಕೊಡುವ ಆಜ್ಞೆಗಳ ಒಂದು ಸಾಲು ಇರುತ್ತದೆ. ಅದರಲ್ಲಿ ‘ಎಕ್ಸ್ ಎಂ ಎಕ್ಸ್’ ಎಂಬ ಅಕ್ಷರಗಳ ಪಕ್ಕದ ಅಂಕವೇ ಪಡಸಾಲೆಯ ಅಳತೆ. ೨ ಇದ್ದಲ್ಲಿ ೪ ಎಂದು ಬರೆದರೆ ೪ ಗಿಗಾಬೈಟು ದೊರೆಯುತ್ತದೆ. ಕೆಲವು ಲಾಂಚರುಗಳಲ್ಲಿ ಎಳೆದು ಸರಿಸುವ ಗುಂಡಿಯೇ ಇದೆ.

ಇಲ್ಲಿಯೇ ಎಚ್ಚರ ಬೇಕು. ೪ ಒಳ್ಳೆಯದಾದರೆ ೮ ಇನ್ನೂ ಒಳ್ಳೆಯದಲ್ಲವೆ ಎಂದು ಹುಡುಗರು ಮನೆಯ ಯಂತ್ರದ ೮ ಗಿಗಾಬೈಟನ್ನೂ ಆಟಕ್ಕೇ ಬರೆದುಕೊಡುತ್ತಾರೆ. ಪಡಸಾಲೆ ದೊಡ್ಡದಾಗಲೆಂದು ಅಡಿಗೆಮನೆಯ ಗೋಡೆಯನ್ನೂ ಒಡೆದಂತಾಯಿತು. ವಿಂಡೋಸ್ ನಡೆಯಲು ಜಾಗ ಬೇಕು. ಚಿತ್ರ ಬರೆಯುವುದಕ್ಕೆ ಬೇರೆ ಕಾರ್ಡು ಇಲ್ಲದ ಯಂತ್ರದಲ್ಲಿ ಆ ಕೆಲಸಕ್ಕೂ ಇದೇ ರ‍್ಯಾಮಿನಿಂದ ಪಾಲು ಹೋಗಬೇಕು. ಜಾಗ ಮುಗಿದಾಗ ಯಂತ್ರ ರ‍್ಯಾಮಿನಲ್ಲಿರುವುದನ್ನು ಡಿಸ್ಕಿಗೆ ಹೊತ್ತುಹಾಕಿ, ಬೇಕೆಂದಾಗ ಮತ್ತೆ ಹೊತ್ತುತರುತ್ತದೆ. ಡಿಸ್ಕು ರ‍್ಯಾಮಿಗಿಂತ ಎಷ್ಟೋ ಪಾಲು ನಿಧಾನ. ಬಿಕ್ಕಳಿಕೆಗೆ ಕೊಟ್ಟ ಮದ್ದು ಉಬ್ಬಸವನ್ನು ತಂದಂತೆ. ಆದುದರಿಂದ ೮ ಗಿಗಾಬೈಟಿನ ಯಂತ್ರದಲ್ಲಿ ಆಟಕ್ಕೆ ೪, ೧೬ರ ಯಂತ್ರದಲ್ಲಿ ೬ರಿಂದ ೮ ಎಂಬುದು ಹಿತವಾದ ಅಳತೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಆಟ ತೆರೆಯುವ ಮೊದಲು ಬ್ರೌಸರಿನ ಮೂವತ್ತು ಕಿಟಕಿಗಳನ್ನು ಮುಚ್ಚುವುದೂ ಮೆಮೊರಿ ಸಂಪಾದನೆಯೇ. ಹಳೆಯ ಯಂತ್ರದಲ್ಲಿ ೩೨ ಬಿಟ್ಟಿನ ಜಾವಾ ಇದ್ದರೆ ೪ ಬರೆದರೂ ಅದು ಸ್ವೀಕರಿಸದು. ೬೪ ಬಿಟ್ಟಿನದನ್ನೇ ಹಾಕಬೇಕು.

ಮೆಮೊರಿಯ ಅಂಕ ಏರುತ್ತಿರುವುದನ್ನು ಕಂಡು ಗಾಬರಿಯಾಗಬಾರದು. ಅದು ೪೦ರಿಂದ ೮೫ಕ್ಕೆ ಏರಿ, ಜಾಡಮಾಲಿ ಬಂದುಹೋದೊಡನೆ ಮತ್ತೆ ೪೦ಕ್ಕೆ ಇಳಿದರೆ ಆರೋಗ್ಯವೇ ಸರಿ. ನೋಡಬೇಕಾದದ್ದು ಇಳಿದಾಗಿನ ಅಂಕವನ್ನು. ಆಡಲು ಕುಳಿತಾಗ ೪೦ಕ್ಕೆ ಇಳಿಯುತ್ತಿದ್ದುದು ಒಂದು ಗಂಟೆಯ ಮೇಲೆ ೬೦ಕ್ಕೆ, ಎರಡು ಗಂಟೆಯ ಮೇಲೆ ೮೦ಕ್ಕೆ ಮಾತ್ರ ಇಳಿದರೆ, ಎಲ್ಲಿಯೋ ಸೋರಿಕೆ ಇದೆ. ಊಟ ಮುಗಿದರೂ ಎಲೆ ಬಿಟ್ಟು ಏಳದ ಅತಿಥಿಗಳು ಇದ್ದಾರೆ ಎಂದರ್ಥ. ಕುಳಿತವರ ಮುಂದಿನ ಎಲೆಯನ್ನು ಜಾಡಮಾಲಿ ತೆಗೆಯುವಂತಿಲ್ಲ. ಇದು ಯಾವುದೋ ಒಂದು ಮಾಡ್ ಬರೆದವರ ತಪ್ಪು. ಇಲ್ಲಿ ಮೆಮೊರಿ ಹೆಚ್ಚಿಸಿದರೆ ಆಟ ಮುಚ್ಚಿಕೊಳ್ಳುವುದು ಒಂದೆರಡು ಗಂಟೆ ತಡವಾದೀತೇ ಹೊರತು ತಪ್ಪಲಾರದು. ಆ ಮಾಡ್‌ನ ತಿದ್ದಿದ ಆವೃತ್ತಿ ಬಂದಿದೆಯೆ ನೋಡಬೇಕು, ಇಲ್ಲವೆ ಅದನ್ನೇ ಬಿಡಬೇಕು. ಮೆಮೊರಿಯನ್ನು ಮಿತವಾಗಿ ಬಳಸುವಂತೆ ಮಾಡುವ ಫೆರೈಟ್‌ಕೋರ್, ಮಾಡರ್ನ್‌ಫಿಕ್ಸ್ ಎಂಬ ಮಾಡ್‌ಗಳೂ ಇವೆ. ಭಾರಿ ಮಾಡ್‌ಪ್ಯಾಕುಗಳಲ್ಲಿ ಇವುಗಳಿಂದ ಉಪಕಾರವುಂಟು.

ನಾಲ್ಕನೆಯದಾದ ವಿಳಂಬದ ವಿಷಯ ಚಿಕ್ಕದು. ಗೆಳೆಯರೊಡನೆ ಆಡುವ ಲೋಕ ಇರುವುದು ಬೇರೆಲ್ಲಿಯೋ ಇರುವ ಯಂತ್ರದಲ್ಲಿ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರು ಚಲಿಸುತ್ತದೆ. ಆ ಯಂತ್ರ ೮,೦೦೦ ಕಿಲೋಮೀಟರು ದೂರದಲ್ಲಿದ್ದರೆ ಹೋಗಿಬರುವ ದಾರಿಗೇ ೮೦ ಮಿಲಿಸೆಕೆಂಡು ಬೇಕು. ವಾಸ್ತವದಲ್ಲಿ ಇನ್ನೂ ಹೆಚ್ಚು. ಇದನ್ನು ಕುಗ್ಗಿಸುವ ಶಕ್ತಿ ನಿಮ್ಮ ಮನೆಗೆ ತರುವ ಯಾವ ಹೊಸ ಕಂಪ್ಯೂಟರಿಗೂ ಇಲ್ಲ. ಹತ್ತಿರದ ಯಂತ್ರವನ್ನು ಆರಿಸಿಕೊಳ್ಳುವುದು, ವೈಫೈ ಬದಲು ತಂತಿಯಿಂದ ಜೋಡಿಸುವುದು, ಆಡುವಾಗ ಮನೆಯಲ್ಲಿ ಬೇರೊಬ್ಬರು ಸಿನಿಮಾ ಇಳಿಸಿಕೊಳ್ಳದಿರುವುದು, ಇವಿಷ್ಟೇ ದಾರಿ.

ಈ ನಾಲ್ಕರಲ್ಲಿ ಯಾವುದೆಂದು ತಿಳಿದರೂ ಇನ್ನೂರು ಮಾಡ್‌ಗಳಲ್ಲಿ ತಪ್ಪು ಯಾರದೆಂದು ಕಂಡುಹಿಡಿಯುವುದು ಹೇಗೆ? ಸ್ಪಾರ್ಕ್ ಎಂಬ ಮಾಡ್ ಇದೆ. ಅದನ್ನು ಹಾಕಿ ಕೆಲವು ನಿಮಿಷ ಆಡಿದರೆ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತೆಂಬ ಲೆಕ್ಕವನ್ನು ಒಪ್ಪಿಸುತ್ತದೆ. ಅದರಿಂದಲೂ ತಿಳಿಯದಿದ್ದರೆ ಅರ್ಧ ಮಾಡುವ ಕ್ರಮವಿದೆ. ಇನ್ನೂರರಲ್ಲಿ ನೂರನ್ನು ತೆಗೆದಿಟ್ಟು ನೋಡಿರಿ. ತೊಂದರೆ ಉಳಿದಿದ್ದರೆ ತಪ್ಪಿತಸ್ಥ ಒಳಗಿನ ನೂರರಲ್ಲಿದ್ದಾನೆ. ಹೋಗಿದ್ದರೆ ಹೊರಗಿಟ್ಟ ನೂರರಲ್ಲಿದ್ದಾನೆ. ಆ ನೂರನ್ನು ಐವತ್ತು ಮಾಡಿರಿ, ಐವತ್ತನ್ನು ಇಪ್ಪತ್ತೈದು ಮಾಡಿರಿ. ಒಂದೊಂದಾಗಿ ತೆಗೆದರೆ ಇನ್ನೂರು ಸಲ ಆಟ ತೆರೆಯಬೇಕಾದೀತು. ಅರ್ಧ ಅರ್ಧ ಮಾಡಿದರೆ ಎಂಟು ಸಲಕ್ಕೆ ಕಳ್ಳ ಸಿಕ್ಕುತ್ತಾನೆ. ಒಂದು ಮಾಡ್ ಇನ್ನೊಂದನ್ನು ಆಧರಿಸಿ ನಿಂತಿರುವುದುಂಟು. ಅಂತಹ ಜೋಡಿಗಳನ್ನು ಬೇರ್ಪಡಿಸದೆ ಒಂದೇ ಕಡೆ ಇಡಬೇಕು.

ಈಗ ಆ ಎರಡು ವರ್ಷದ ಊರಿನ ಮಾತಿಗೆ ಬರುತ್ತೇನೆ. ಒಂದು ಮಾಡ್ ತೆಗೆದು ಹಳೆಯ ಲೋಕವನ್ನು ತೆರೆದರೆ, ಆ ಮಾಡ್ ತಂದಿದ್ದ ಇಟ್ಟಿಗೆ, ಯಂತ್ರ, ಪೆಟ್ಟಿಗೆಗಳೆಲ್ಲ ಆ ಲೋಕದಿಂದ ಮಾಯವಾಗುತ್ತವೆ. ಪೆಟ್ಟಿಗೆಯೊಳಗಿನ ಸಾಮಾನೂ ಅದರೊಡನೆ ಹೋಗುತ್ತದೆ. ಲೋಕ ಹಾಗೆಯೇ ಉಳಿಸಲ್ಪಟ್ಟರೆ, ಆಮೇಲೆ ಮಾಡನ್ನು ಮತ್ತೆ ಹಾಕಿದರೂ ಕಳೆದದ್ದು ಬರುವುದಿಲ್ಲ. ಅವಸರದಲ್ಲಿ ಲ್ಯಾಗ್ ಕಳೆಯಲು ಹೋಗಿ ಊರನ್ನೇ ಕಳೆದುಕೊಂಡ ಮಕ್ಕಳ ಸಪ್ಪೆ ಮುಖಗಳನ್ನು ನಾನು ತರಗತಿಯಲ್ಲಿ ಕಂಡಿದ್ದೇನೆ. ಹಿರಿಯರು ಸಿಟ್ಟಿನಲ್ಲಿ ಆಟವನ್ನು ಅಳಿಸಿದಾಗಲೂ ಆಗಬಹುದಾದದ್ದು ಇದೇ. ಆದುದರಿಂದ ಏನನ್ನು ಮುಟ್ಟುವ ಮೊದಲೂ ಆಟದ ಕಡತದೊಳಗಿರುವ ಸೇವ್ಸ್ ಎಂಬ ಭಾಗವನ್ನು ಬೇರೊಂದು ಡಿಸ್ಕಿಗೆ ಪ್ರತಿ ಮಾಡಿಡತಕ್ಕದ್ದು. ಪರೀಕ್ಷೆಯೆಲ್ಲ ಪ್ರತಿಯ ಮೇಲೆ ನಡೆಯಲಿ, ಮೂಲ ಹಾಗೆಯೇ ಇರಲಿ. ಓಲೆಗರಿಯ ಕಾಲದಿಂದಲೂ ಗ್ರಂಥ ಉಳಿದು ಬಂದದ್ದು ಪ್ರತಿ ಮಾಡಿದವರ ಪುಣ್ಯದಿಂದಲೇ ಅಲ್ಲವೆ? ಮೂಲವನ್ನು ತಿದ್ದಬಾರದೆಂಬ ನೇಮ ಅವರಿಗೂ ಇತ್ತು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುವುದು ಇನ್ನೊಂದು ನೇಮ. ನೋಟದ ದೂರವನ್ನೂ ಮೆಮೊರಿಯನ್ನೂ ನಾಲ್ಕು ಮಾಡ್‌ಗಳನ್ನೂ ಒಟ್ಟಿಗೆ ಬದಲಿಸಿದರೆ, ಗುಣವಾದದ್ದು ಯಾವುದರಿಂದ ಎಂದು ಬ್ರಹ್ಮನಿಗೂ ತಿಳಿಯದು. ಹುಡುಗರ ಕೈಗೆ ಒಂದು ನೋಟುಬುಕ್ಕು ಕೊಡಿರಿ. ಏನನ್ನು ಬದಲಿಸಿದೆ, ಮೊದಲು ಎಷ್ಟು ಅಂಕ ಇತ್ತು, ಈಗ ಎಷ್ಟಾಯಿತು ಎಂದು ಮೂರು ಮನೆಗಳಲ್ಲಿ ಬರೆಯಲಿ. ವಿಜ್ಞಾನದ ಮೇಷ್ಟರು ಪ್ರಯೋಗಶಾಲೆಯಲ್ಲಿ ಹೇಳಿಕೊಡುವುದು ಇದನ್ನೇ. ಆಟದ ನೆಪದಲ್ಲಿ ಅದು ಮನೆಯಲ್ಲಿಯೇ ಅಭ್ಯಾಸವಾದರೆ ಬೇಡವೆನ್ನುವವರು ಯಾರು?

ಇಷ್ಟೆಲ್ಲ ಆದ ಮೇಲೂ ಯಂತ್ರವೇ ಸಾಲದೆಂದು ತೋರುವುದುಂಟು. ಯಂತ್ರದಲ್ಲಿರುವುದು ೪ ಗಿಗಾಬೈಟು ಮಾತ್ರವಾದರೆ ಭಾರಿ ಮಾಡ್‌ಪ್ಯಾಕು ಅದರಲ್ಲಿ ನಡೆಯದು. ಆಗಲೂ ಇಡೀ ಯಂತ್ರವನ್ನು ಬದಲಿಸುವ ಮೊದಲು ಅದರ ಒಳಗೆ ರ‍್ಯಾಮ್ ಸಿಕ್ಕಿಸುವ ಸ್ಥಳ ಖಾಲಿ ಇದೆಯೆ ಎಂದು ತಿಳಿದವರಿಂದ ನೋಡಿಸಿರಿ. ಇದ್ದರೆ ಒಂದು ಪಟ್ಟಿ ಸೇರಿಸುವುದು ಹೊಸ ಯಂತ್ರದ ಬೆಲೆಯ ಸಣ್ಣ ಪಾಲಿನಲ್ಲಿ ಮುಗಿಯುವ ಕೆಲಸ. ತಿರುಗುವ ಹಳೆಯ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಆಟ ತೆರೆಯುವ ಹೊತ್ತು ಬಹಳ ತಗ್ಗುತ್ತದೆ. ಆಟದ ಜೊತೆಗೆ ಓದುಬರಹದ ಕೆಲಸವೂ ಚುರುಕಾಗುತ್ತದೆ. ಇವೆರಡರಿಂದಲೂ ಆಗದಿದ್ದರೆ ಆಗ ಹೊಸದರ ಮಾತು ಆಡಬಹುದು. ಅಷ್ಟು ಹೊತ್ತಿಗೆ ಏನು ಕೊಳ್ಳಬೇಕೆಂಬುದೂ ನಿಮಗೆ ತಿಳಿದಿರುತ್ತದೆ. ಅಂಗಡಿಯವನು ಹೇಳಿದ್ದನ್ನು ಕೊಳ್ಳುವ ಪ್ರಮೇಯ ಬರುವುದಿಲ್ಲ.

ಕೊನೆಗೆ ಪೋಷಕರಲ್ಲಿ ಒಂದು ಕೋರಿಕೆ. ಸಂಜೆ ಮಕ್ಕಳು “ಲ್ಯಾಗ್” ಎಂದು ಕೂಗಿದಾಗ ಗದರಿಸುವುದಕ್ಕೂ ಹಣದ ಚೀಲ ಬಿಚ್ಚುವುದಕ್ಕೂ ಮುಂಚೆ ಪಕ್ಕದಲ್ಲಿ ಹತ್ತು ನಿಮಿಷ ಕುಳಿತುಕೊಳ್ಳಿರಿ. ತೊದಲೋ, ಮಂದವೋ, ಬಿಕ್ಕಳಿಕೆಯೋ, ವಿಳಂಬವೋ ಎಂದು ಕೇಳಿರಿ. ಎಫ್ ೩ ಒತ್ತಿಸಿ ಅಂಕ ಓದಿಸಿರಿ. ಅವರು ಕಟ್ಟಿದ ಊರನ್ನು ಒಮ್ಮೆ ತೋರಿಸಲು ಹೇಳಿರಿ. ಸೇವ್ಸ್ ಕಡತದ ಪ್ರತಿಯನ್ನು ಅಂದೇ ತೆಗೆಸಿಡಿರಿ. ಉಳಿದದ್ದನ್ನು ನಾಳೆ ಮಾಡಿದರೂ ಆದೀತು.